ಕತ್ತಲು ಯಾರ ವ್ಯಾಪ್ತಿಗೆ ಬರುತ್ತೆ ಸಾರ್?

ನಮ್ಮೂರು ಒಂದು ತಾಲ್ಲೂಕು ಕೇಂದ್ರ. ಹೆಸರು ಹೇಳಲ್ಲ, ಹೇಳಿದರೆ ಊರಲ್ಲಿ ಅಪ್ಪನಿಗೆ ಫೋನ್ ಹೋಗುತ್ತೆ. ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ ಹತ್ತು ನಿಮಿಷದ ನಡಿಗೆ. ಸಂತೆಮಾಳ ದಾಟಿ, ಮುಚ್ಚಿಹೋದ ಅಕ್ಕಿ ಗಿರಣಿ ಪಕ್ಕದ ಓಣಿಗೆ ತಿರುಗಿದರೆ ಬಂತು ಮನೆ. ಆ ಓಣಿಯಲ್ಲಿ ನಾಲ್ಕು ದೀಪದ ಕಂಬಗಳಿವೆ. ದೀಪಗಳೂ ಇವೆ. ಉರಿಯೋದಿಲ್ಲ, ಅಷ್ಟೇ.

2025ರ ಯುಗಾದಿ ಕಳೆದು ಒಂದು ವಾರ ಆಗಿತ್ತು. ದೊಡ್ಡಮ್ಮ ದೇವಸ್ಥಾನದಿಂದ ಏಳೂವರೆಗೆ ವಾಪಸ್ ಬರ್ತಿದ್ದರು. ಬೈಕಿನಲ್ಲಿ ಇಬ್ಬರು ಹುಡುಗರು. "ಅಜ್ಜಿ, ಈ ಅಡ್ರೆಸ್ ಎಲ್ಲಿ ಬರುತ್ತೆ?" ಅಂತ ಒಬ್ಬ ಕೇಳಿದ್ದಾನೆ. ಕತ್ತಲಲ್ಲಿ ಚೀಟಿ ಕಾಣಿಸದೆ ದೊಡ್ಡಮ್ಮ ಬಗ್ಗಿದ್ದಾರೆ. ಸರ ಹೋಯ್ತು, ಎಳೆದ ರಭಸಕ್ಕೆ ಬಿದ್ದು ಬಲಗೈ ಮಣಿಕಟ್ಟು ಮುರೀತು. ನಲವತ್ತು ವರ್ಷದ ಮಾಂಗಲ್ಯದ ಸರ. ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಾಗ ಅವರು ಹೇಳಿದ್ದು ಒಂದೇ ಮಾತು. "ತಪ್ಪು ನನ್ನದೇ ಕಣೋ, ಹೊತ್ತು ಮುಳುಗಿದ ಮೇಲೆ ನಾನು ಹೊರಗೆ ಹೋಗಬಾರದಿತ್ತು."

ಈ ಬರಹ ಹುಟ್ಟಿದ್ದು ಆ ಮಾತಿನಿಂದ. ಅರವತ್ತೆರಡು ವರ್ಷದ ಹೆಂಗಸು, ತನ್ನದೇ ಊರಿನಲ್ಲಿ, ತನ್ನದೇ ಮನೆಯ ಓಣಿಯಲ್ಲಿ, ಏಳೂವರೆಗೆ ನಡೆದದ್ದನ್ನು ತನ್ನ ತಪ್ಪು ಅಂದುಕೊಳ್ತಾರಲ್ಲ, ಅದನ್ನು ಕೇಳಿಕೊಂಡು ಸುಮ್ಮನೆ ಬೆಂಗಳೂರು ಬಸ್ ಹತ್ತೋಕೆ ಆಗಲಿಲ್ಲ.

ಸ್ಟೇಷನ್ನಿಗೆ ಹೋದೆವು. ಮೊದಲು "ಅರ್ಜಿ ಬರೆದುಕೊಟ್ಟು ಹೋಗಿ" ಅಂದರು. ಅರ್ಜಿ ಬೇರೆ, ಎಫ್‌ಐಆರ್ ಬೇರೆ ಅನ್ನೋದು ನನಗೆ ಗೊತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಂಡು ಓಡೋದಕ್ಕೇ ಅಂತ 304ನೇ ಕಲಂ ಇದೆ ಅಂತಲೂ ಹೇಳಿದೆ. ಎಫ್‌ಐಆರ್ ಆಯ್ತು. ಸಬ್ ಇನ್‌ಸ್ಪೆಕ್ಟರ್ ಕೆಟ್ಟ ಮನುಷ್ಯ ಏನಲ್ಲ. ದೊಡ್ಡಮ್ಮನಿಗೆ ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಆದರೆ ದೀಪದ ಮಾತೆತ್ತಿದ ತಕ್ಷಣ, "ಅದು ನಮ್ಮ ವ್ಯಾಪ್ತಿಗೆ ಬರಲ್ಲ ಸಾರ್, ಪುರಸಭೆಗೆ ಬರುತ್ತೆ" ಅಂದರು.

ಮಾರನೇ ದಿನ ಪುರಸಭೆ. ಅಲ್ಲಿನ ಇಂಜಿನಿಯರ್, "ದೀಪದ ಟೆಂಡರ್ ಆಗಿದೆ, ಕಂಟ್ರಾಕ್ಟರ್ ಬರಬೇಕು. ಅಷ್ಟಕ್ಕೂ ಕಳ್ಳರನ್ನ ಹಿಡಿಯೋದು ಪೊಲೀಸರ ಕೆಲಸ ಅಲ್ವಾ?" ಅಂದರು.

ನಾನು ಸಾಫ್ಟ್‌ವೇರ್‌ನವನು. ಎರಡು ಟೀಮುಗಳ ನಡುವೆ ಒಂದು ಟಿಕೆಟ್ ಹೀಗೆ ಅಲೆದಾಡೋದು ನಮಗೆ ದಿನಾ ಕಾಣೋ ದೃಶ್ಯ. ನಮ್ಮ ಆಫೀಸಿನಲ್ಲಾದರೆ ಒಂದು ವಾರ ನೋಡಿ ಮ್ಯಾನೇಜರ್ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸ್ತಾನೆ. ಊರಿನ ವಿಷಯಕ್ಕೆ ಆ ಕೋಣೆ ಎಲ್ಲಿದೆ ಅಂತ ಹುಡುಕಿಕೊಂಡು ಹೊರಟೆ. ಸಿಗಲಿಲ್ಲ. ಯಾಕೆ ಸಿಗಲಿಲ್ಲ ಅನ್ನೋದು ಸ್ವಲ್ಪ ಸ್ವಾರಸ್ಯದ ಕಥೆ.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರ ಜತೆ ಬಂದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳ ಪಟ್ಟಿ ಇದೆ. ಬೀದಿದೀಪ ಅದರಲ್ಲಿದೆ. ಬಸ್ ನಿಲ್ದಾಣ, ಪಾರ್ಕಿಂಗ್, ಶೌಚಾಲಯ ಇವೆ. ಸ್ಮಶಾನ ಕೂಡ ಇದೆ. ಪೊಲೀಸ್ ಇಲ್ಲ. ಪೊಲೀಸ್ ಅನ್ನೋದು ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಎರಡನೇ ವಿಷಯ. ಅಂದರೆ ನಮ್ಮೂರಿನ ಸಬ್ ಇನ್‌ಸ್ಪೆಕ್ಟರ್ ಉತ್ತರ ಕೊಡಬೇಕಾದ್ದು ಸರ್ಕಲ್‌ಗೆ, ಡಿವೈಎಸ್ಪಿಗೆ, ಜಿಲ್ಲೆಯ ಎಸ್ಪಿಗೆ. ದಾರಿಯೆಲ್ಲ ಮೇಲಕ್ಕೇ ಹೋಗುತ್ತೆ. ಊರಿನ ಕಡೆಗೆ ತಿರುಗಿರೋ ಒಂದು ಕವಲೂ ಇಲ್ಲ. ಪುರಸಭೆಯ ಮೆಂಬರು ಅವರನ್ನು ಏನನ್ನೂ ಕೇಳುವ ಹಾಗಿಲ್ಲ.

ಇನ್ನೊಂದು ತಮಾಷೆ ನೋಡಿ. ನೀವು ಹಳ್ಳಿಯಲ್ಲಿದ್ದರೆ ನಿಮಗೆ ಗ್ರಾಮಸಭೆ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿರೋ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು. ನೀವು ದೊಡ್ಡ ನಗರದಲ್ಲಿದ್ದರೆ ಸಂವಿಧಾನದ 243ಎಸ್ ವಿಧಿ ಪ್ರಕಾರ ವಾರ್ಡ್ ಸಮಿತಿ ಇರಲೇಬೇಕು. ಆದರೆ ಆ ಕಡ್ಡಾಯ ಇರೋದು 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆ ಇರೋ ಊರುಗಳಿಗೆ ಮಾತ್ರ. ನಮ್ಮ ರಾಜ್ಯದಲ್ಲಿ ಪುರಸಭೆ ಅಂದರೆ 20 ಸಾವಿರದಿಂದ 50 ಸಾವಿರ ಜನರ ಊರು. ಹಳ್ಳಿ ಅನ್ನಿಸಿಕೊಳ್ಳೋಕೆ ತೀರಾ ದೊಡ್ಡದು, ನಗರ ಅನ್ನಿಸಿಕೊಳ್ಳೋಕೆ ತೀರಾ ಚಿಕ್ಕದು. ಅತ್ತ ಗ್ರಾಮಸಭೆಯೂ ಇಲ್ಲ, ಇತ್ತ ವಾರ್ಡ್ ಸಮಿತಿಯ ಕಡ್ಡಾಯವೂ ಇಲ್ಲ. ನಮ್ಮ ಗೊರೂರು, ಹೆಗ್ಗೋಡುಗಳ ಬಗ್ಗೆ ಕನ್ನಡದಲ್ಲಿ ಎಷ್ಟು ಬರೆದಿದ್ದೇವೆ, ಬೆಂಗಳೂರಿನ ಬಗ್ಗೆಯಂತೂ ದಿನಾ ಬರೀತೀವಿ. ಇವೆರಡರ ನಡುವೆ ಇರೋ ತಾಲ್ಲೂಕು ಪಟ್ಟಣಕ್ಕೆ ಮಾತ್ರ ಬಾಯಿಲ್ಲ.

ಹಾಗಂತ ಸಭೆಗಳಿಗೆ ಬರವೇನಿಲ್ಲ. ಆ ವರ್ಷ ಹಟ ಹಿಡಿದು ಎರಡು ಸಭೆಗೆ ಹೋಗಿ ಕೂತೆ, ಅದಕ್ಕಾಗಿ ಎರಡು ದಿನ ರಜೆ ಕಳೆದುಕೊಂಡೆ.

ಮೊದಲನೆಯದು ಪುರಸಭೆಯ ಸಾಮಾನ್ಯ ಸಭೆ. ಬಾಗಿಲಲ್ಲಿ ಅಟೆಂಡರ್ ತಡೆದು "ಯಾವ ಪೇಪರ್ ಸಾರ್ ನೀವು?" ಅಂದ. ಪೇಪರ್ ಅಲ್ಲಪ್ಪ, ಊರಿನವನು ಅಂದೆ. ಅವನಿಗೆ ನಿಜವಾಗಿ ಅರ್ಥ ಆಗಲಿಲ್ಲ. ಊರಿನವನು ಪುರಸಭೆ ಸಭೆಗೆ ಯಾಕೆ ಬರಬೇಕು? ಒಳಗೆ ಹೋಗಿ ಕೇಳಿಕೊಂಡು ಬಂದು, ಹಿಂದುಗಡೆ ಬೀರು ಪಕ್ಕ ಒಂದು ಸ್ಟೂಲು ಹಾಕಿಕೊಟ್ಟ. ಅಲ್ಲಿ ಎರಡು ಗಂಟೆ ಕೂತೆ. ಮಳಿಗೆಗಳ ಬಾಡಿಗೆ, ಸಂತೆ ಸುಂಕದ ಹರಾಜು, ಯಾರ ವಾರ್ಡಿಗೆ ಎಷ್ಟು ಚರಂಡಿ ಅನ್ನೋ ಜಗಳ. ಬೀದಿದೀಪದ ವಿಷಯವೂ ಬಂತು, ಬಿಲ್ ಪಾಸ್ ಮಾಡೋಕೆ! ಉರಿಯದ ದೀಪದ ನಿರ್ವಹಣೆಯ ಬಿಲ್ಲು ನನ್ನ ಕಣ್ಣೆದುರೇ ಎರಡು ನಿಮಿಷದಲ್ಲಿ ಪಾಸಾಯ್ತು. ಎದ್ದು ನಿಂತೆ. "ಸಾರ್ವಜನಿಕರಿಗೆ ಮಾತಾಡೋ ಅವಕಾಶ ಇಲ್ಲ, ಕೂತ್ಕೊಳ್ಳಿ" ಅಂದರು. ಕೂತೆ.

ಎರಡನೆಯದು ಗಣೇಶನ ಹಬ್ಬದ ಮುಂಚೆ ಸ್ಟೇಷನ್ ಆವರಣದಲ್ಲಿ ನಡೆಯೋ ಶಾಂತಿ ಸಭೆ. ಇದು ನಿಮಗೆಲ್ಲ ಗೊತ್ತೇ ಇರುತ್ತೆ, ಪ್ರತಿ ಊರಲ್ಲೂ ನಡೆಯುತ್ತೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಬಾದಾಮಿ ಹಾಲು. ಮುಂದಿನ ಸಾಲಿನಲ್ಲಿ "ಮುಖಂಡರು". ಈ ಮುಖಂಡರನ್ನು ಯಾರು ಆರಿಸಿದರು? ಯಾರೂ ಇಲ್ಲ. ಬಾರಿನ ಮಾಲೀಕರು, ಸೈಟು ವ್ಯವಹಾರದವರು, ಎರಡು ಪಕ್ಷದ ಬ್ಲಾಕ್ ಅಧ್ಯಕ್ಷರು, ಒಂದೊಂದು ಸಮುದಾಯಕ್ಕೆ ಒಬ್ಬೊಬ್ಬರು ಕಾಯಂ ಹಿರಿಯರು. ಡಿಜೆ ಎಷ್ಟು ಹೊತ್ತಿನವರೆಗೆ, ಮೆರವಣಿಗೆ ಯಾವ ರಸ್ತೆಯಲ್ಲಿ, ಫ್ಲೆಕ್ಸ್ ಎಲ್ಲಿ, ಇಷ್ಟೇ ಮಾತು. ಇಡೀ ಸಭೆಯಲ್ಲಿ ಇಬ್ಬರು ಹೆಂಗಸರಿದ್ದರು. ಇಬ್ಬರೂ ಕಾನ್‌ಸ್ಟೇಬಲ್‌ಗಳು, ಡ್ಯೂಟಿ ಮೇಲೆ ಬಂದವರು. ಸರ ಕಳೆದುಕೊಳ್ಳೋರು ಹೆಂಗಸರು, ರಸ್ತೆಯ ಬಗ್ಗೆ ಮಾತಾಡೋರು ಗಂಡಸರು. ಕೊನೆಗೆ ನಾನು ದೀಪದ ಬಗ್ಗೆ ಕೇಳಿದೆ. "ಒಳ್ಳೆ ಪ್ರಶ್ನೆ, ಪುರಸಭೆಯವರ ಗಮನಕ್ಕೆ ತರೋಣ" ಅಂದರು. ಪುರಸಭೆಯ ಅಧಿಕಾರಿ ಅಲ್ಲೇ ಎರಡು ಕುರ್ಚಿ ಆಚೆ ಬಾದಾಮಿ ಹಾಲು ಕುಡೀತಿದ್ದರು :)

ಈಗ ನನ್ನ ತಕರಾರಿಗೆ ಬರ್ತೀನಿ. ನಮ್ಮಲ್ಲಿ "ಜನಸ್ನೇಹಿ ಪೊಲೀಸ್", "ಸಮುದಾಯ ಪೊಲೀಸಿಂಗ್" ಅನ್ನೋ ಮಾತು ಬಹಳ ಓಡಾಡ್ತಿದೆ. 2017ರಲ್ಲಿ ರಾಜ್ಯದಲ್ಲಿ ಹೊಸ ಬೀಟ್ ಪದ್ಧತಿ ಬಂತು. ಠಾಣೆಯ ವ್ಯಾಪ್ತಿಯನ್ನು ಬೀಟುಗಳಾಗಿ ಹಂಚಿ ಒಂದೊಂದು ಬೀಟಿಗೆ ಒಬ್ಬ ಸಿಬ್ಬಂದಿ ಹೊಣೆ, ಜತೆಗೆ ಆ ಜಾಗದ ನಾಗರಿಕರ ಸಮಿತಿ. 2025ರ ಜುಲೈನಲ್ಲಿ "ಮನೆ ಮನೆಗೆ ಪೊಲೀಸ್" ಶುರುವಾಯ್ತು. ಪಕ್ಕದ ಕೇರಳದಲ್ಲಿ 2008ರಿಂದ ಜನಮೈತ್ರಿ ಯೋಜನೆ ಇದೆ. ಇವೆಲ್ಲ ಒಳ್ಳೆಯವೇ. ಬೀಟ್ ಪೊಲೀಸರು ಬಂದು ಬಾಗಿಲು ತಟ್ಟೋದು, ಹೆಸರು ಹಿಡಿದು ಮಾತಾಡಿಸೋದು, ವಯಸ್ಸಾದವರ ನಂಬರ್ ಇಟ್ಟುಕೊಳ್ಳೋದು, ಇವನ್ನೆಲ್ಲ ಬೇಡ ಅನ್ನೋನು ನಾನಲ್ಲ.

ನಮ್ಮ ಮನೆಗೂ ಬಂದಿದ್ದರು. ದೊಡ್ಡಮ್ಮನ ಫೋನ್ ನಂಬರ್ ಬರೆದುಕೊಂಡು, "ಹುಷಾರಾಗಿರಿ ಅಮ್ಮ, ಬಂಗಾರ ಹಾಕ್ಕೊಂಡು ಸಾಯಂಕಾಲ ಓಡಾಡಬೇಡಿ" ಅಂದರಂತೆ. "ದೀಪ ಯಾವಾಗ ಹಾಕ್ತೀರಪ್ಪ?" ಅಂತ ದೊಡ್ಡಮ್ಮ ಕೇಳಿದ್ದಾರೆ. ಆ ಹುಡುಗ ಕೈಯಲ್ಲಿದ್ದ ಫಾರಂ ನೋಡಿ, "ಅದನ್ನ ಬರೆಯೋಕೆ ಇದರಲ್ಲಿ ಕಾಲಂ ಇಲ್ಲಮ್ಮ" ಅಂದನಂತೆ.

ನನ್ನ ವಾದವೆಲ್ಲ ಆ ಇಲ್ಲದ ಕಾಲಮ್ಮಿನದು. ನಮ್ಮ ಸಮುದಾಯ ಪೊಲೀಸಿಂಗ್‌ನಲ್ಲಿ ಪೊಲೀಸರು ಜನರನ್ನು ತಿಳಿದುಕೊಳ್ತಾರೆ. ಜನರಿಗೆ ಪೊಲೀಸರನ್ನು ಕೇಳೋ ಹಕ್ಕು ಬರೋದಿಲ್ಲ. ನಮ್ಮ ಮನೆಯಲ್ಲಿ ಯಾರಿದ್ದಾರೆ ಅಂತ ಠಾಣೆಗೆ ಗೊತ್ತು. ಆ ತಿಂಗಳು ಊರಲ್ಲಿ ಎಷ್ಟು ಸರಗಳ್ಳತನ ಆಯ್ತು, ಯಾವ ಬೀದಿಯಲ್ಲಿ ಆಯ್ತು, ಎಷ್ಟು ಪತ್ತೆ ಆಯ್ತು ಅಂತ ನಮಗೆ ಗೊತ್ತಿಲ್ಲ. ಅಂಗಡಿಗಳ ವಿಷಯವೂ ಅಷ್ಟೇ. 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಪ್ರಕಾರ ಹೆಚ್ಚು ಜನ ಸೇರೋ ಕಟ್ಟಡ, ಮಳಿಗೆಗಳು ಸಿಸಿಟಿವಿ ಹಾಕಿ 30 ದಿನದ ದೃಶ್ಯ ಇಟ್ಟುಕೊಳ್ಳಬೇಕು. ಜನ ಕ್ಯಾಮೆರಾ ಹಾಕಬೇಕು, ಜನ ಮಾಹಿತಿ ಕೊಡಬೇಕು, ಜನ ಹುಷಾರಾಗಿರಬೇಕು. ಜನರಿಗೆ ಏನು ಕೊಡ್ತೀರಿ ಅಂದರೆ ಬಾದಾಮಿ ಹಾಲು.

ಪೊಲೀಸರೇ ಆರಿಸಿಕೊಂಡ "ಸಮುದಾಯ" ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ತಮಿಳುನಾಡು ನೋಡಿ. 1993ರಲ್ಲಿ ರಾಮನಾಥಪುರದಲ್ಲಿ "ಫ್ರೆಂಡ್ಸ್ ಆಫ್ ಪೊಲೀಸ್" ಶುರುವಾಯ್ತು. ಉದ್ದೇಶ ಒಳ್ಳೆಯದೇ, ಹೆಸರೂ ಬಂತು. 2020ರ ಜೂನ್‌ನಲ್ಲಿ ತೂತ್ತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ ಅಂಗಡಿ ತೆರೆದಿಟ್ಟ ವಿಚಾರಕ್ಕೆ ಹಿಡಿದ ಅಪ್ಪ ಮಗ ಇಬ್ಬರೂ ಸತ್ತರು. ಆ ಠಾಣೆಯಲ್ಲಿ ಈ ಸ್ವಯಂಸೇವಕರೂ ಇದ್ದರು ಅನ್ನೋ ಆರೋಪ ಬಂತು, ಸಂಘಟನೆಯವರು ಅಲ್ಲಗಳೆದರು. ಜುಲೈನಲ್ಲಿ ಸರ್ಕಾರ ಆ ಯೋಜನೆಯನ್ನೇ ನಿಷೇಧಿಸಿತು. ಆರೋಪ ಎಷ್ಟು ನಿಜ ಅನ್ನೋದು ಪಕ್ಕಕ್ಕಿರಲಿ. ನನ್ನ ಪ್ರಶ್ನೆ ಇಷ್ಟೇ. ಊರಿನ ಜನಕ್ಕೆ ತಮ್ಮ ಊರಿನಲ್ಲಿ ಪೊಲೀಸರ ಸ್ನೇಹಿತರು ಯಾರು ಯಾರು, ಅವರ ಕೆಲಸ ಏನು, ಅವರ ಮೇಲೆ ದೂರು ಯಾರಿಗೆ ಕೊಡಬೇಕು ಅಂತ ಗೊತ್ತಿತ್ತೇ? ಪಟ್ಟಿ ಠಾಣೆಯ ಡ್ರಾಯರಿನಲ್ಲಿದ್ದರೆ ಅದು ಸಮುದಾಯ ಅಲ್ಲ, ಬಳಗ.

2023ರಲ್ಲಿ ಕಂಪನಿ ನನ್ನನ್ನು ಎಂಟು ತಿಂಗಳು ಇಂಗ್ಲೆಂಡಿನ ಒಂದು ಚಿಕ್ಕ ಊರಿಗೆ ಕಳಿಸಿತ್ತು. ಜನಸಂಖ್ಯೆ ನಮ್ಮೂರಿನಷ್ಟೇ. ಮನೆ ಮಾಲೀಕರ ಜತೆ ಒಂದು ಸಂಜೆ ಟೌನ್ ಕೌನ್ಸಿಲ್ ಸಭೆಗೆ ಹೋಗಿದ್ದೆ, ಚಳಿಗೆ ಬೇರೆ ಕೆಲಸ ಇರಲಿಲ್ಲ ಅಂತ. ಮೊದಲ ಹದಿನೈದು ನಿಮಿಷ ಸಾರ್ವಜನಿಕರ ಪ್ರಶ್ನೆಗೆ. ಆಮೇಲೆ ಯೂನಿಫಾರಂ ಹಾಕಿದ ಒಬ್ಬ ಹೆಂಗಸು ಎದ್ದು ತಿಂಗಳ ವರದಿ ಓದಿದರು. ಇಂಥ ಬೀದಿಯಲ್ಲಿ ಸೈಕಲ್ ಕಳವು, ಇಂಥ ಪಾರ್ಕಿನಲ್ಲಿ ಗಲಾಟೆ, ಇಂತಿಷ್ಟು ಪತ್ತೆ. ಒಬ್ಬ ಮುದುಕ ಎದ್ದು ನಾಯಿ ಹೊಲಸಿನ ಬಗ್ಗೆ ಕಾಲು ಗಂಟೆ ಜಗಳ ಆಡಿದ! ನನಗೆ ನಗು ಬಂತು. ದೊಡ್ಡಮ್ಮನ ಕೈ ಮುರಿದ ಮೇಲೆ ಆ ಸಭೆ ನೆನಪಾಗಿ ಹೊಟ್ಟೆ ಉರೀತು.

ಅಲ್ಲಿಯೂ ಇದು ತಾನಾಗೇ ಬಂದದ್ದಲ್ಲ. ಕೌನ್ಸಿಲ್ ಸಭೆಗಳಿಗೆ ಜನರನ್ನು, ಪತ್ರಿಕೆಯವರನ್ನು ಬಿಡಬೇಕು ಅನ್ನೋ ಕಾನೂನು ಆದದ್ದು 1960ರಲ್ಲಿ. ಆ ಮಸೂದೆ ತಂದವರು ಆಗಷ್ಟೇ ಗೆದ್ದು ಬಂದಿದ್ದ ಮಾರ್ಗರೆಟ್ ಥ್ಯಾಚರ್. ಪಾರ್ಲಿಮೆಂಟಿನಲ್ಲಿ ಅವರ ಮೊದಲ ಭಾಷಣವೇ ಇದರ ಮೇಲೆ. ಊರಿನ ಅಪರಾಧ ತಗ್ಗಿಸೋ ಹೊಣೆ ಪೊಲೀಸರು, ಸ್ಥಳೀಯಾಡಳಿತ ಇಬ್ಬರದೂ ಅಂತ ಮಾಡಿದ್ದು 1998ರ ಕ್ರೈಂ ಅಂಡ್ ಡಿಸಾರ್ಡರ್ ಕಾಯ್ದೆ. ಆ ಯೂನಿಫಾರಂ ಹೆಂಗಸಿನಂಥ ಸಮುದಾಯ ಸಹಾಯಕ ಅಧಿಕಾರಿಗಳು ಬಂದದ್ದು 2002ರ ಕಾಯ್ದೆಯಿಂದ. 2010ರ ನಂತರ ಖರ್ಚು ಕಡಿತದಲ್ಲಿ ಅವರ ಸಂಖ್ಯೆಯೂ ಇಳಿಯಿತು, ಜನ ಗೊಣಗ್ತಾರೆ. ಅದು ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅಲ್ಲಿ ಗೊಣಗೋಕೆ ಒಂದು ಜಾಗ ಇದೆ, ಗೊಣಗಿದ್ದು ನಡವಳಿಯಲ್ಲಿ ದಾಖಲಾಗುತ್ತೆ.

ನಮ್ಮಲ್ಲಿ ಇದಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ. ಉದಾಹರಣೆ ನಮ್ಮಲ್ಲೇ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಅಂತ ಇದೆ. ಪುರಸಭೆಯ ಮುಖ್ಯಾಧಿಕಾರಿ, ಸ್ಥಳೀಯ ಪೊಲೀಸ್, ಟ್ರಾಫಿಕ್ ಪೊಲೀಸ್ ಎಲ್ಲರೂ ಅದರಲ್ಲಿ ಕೂರಬೇಕು. ಅವರ ಜತೆ ಬೀದಿ ವ್ಯಾಪಾರಿಗಳೂ, ಅದೂ ಕನಿಷ್ಠ ನೂರಕ್ಕೆ 40ರಷ್ಟು, ಅವರೊಳಗೇ ಚುನಾಯಿತರಾಗಿ, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸೊಪ್ಪು ಮಾರೋ ಹೆಂಗಸು ಪೊಲೀಸ್ ಅಧಿಕಾರಿಯ ಎದುರು ಸಮವಾಗಿ ಕೂರೋ ಮೇಜನ್ನು ಈ ದೇಶದ ಕಾನೂನೇ ಹಾಕಿಕೊಟ್ಟಿದೆ. ಗಾಡಿ ಎಲ್ಲಿ ನಿಲ್ಲಬೇಕು ಅನ್ನೋದಕ್ಕೆ ಇಂಥ ಮೇಜು ಸಾಧ್ಯವಾದರೆ, ಹೆಂಗಸರು ರಾತ್ರಿ ಎಲ್ಲಿ ನಡೀಬೇಕು ಅನ್ನೋದಕ್ಕೆ ಯಾಕಿಲ್ಲ?

ಇಲ್ಲಿ ಸ್ನೇಹಿತರು ಒಂದು ಆಕ್ಷೇಪ ಎತ್ತುತ್ತಾರೆ, ಬಲವಾದ ಆಕ್ಷೇಪವೇ. "ಮೆಂಬರುಗಳ ಕೈಗೆ ಪೊಲೀಸರನ್ನು ಕೊಟ್ಟರೆ ಮುಗೀತು ಕಥೆ, ತಮ್ಮ ಹುಡುಗರನ್ನು ಬಿಡಿಸಿಕೊಂಡು ಹೋಗ್ತಾರೆ." ಈಗ ಬಿಡಿಸಿಕೊಂಡು ಹೋಗ್ತಿಲ್ಲವೇ? ಫೋನಿನಲ್ಲಿ ಹೋಗುತ್ತೆ ಆ ಮಾತು, ದಾಖಲೆ ಇರಲ್ಲ. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಾಜಕೀಯ ಒತ್ತಡದಿಂದ ಪೊಲೀಸರನ್ನು ಬಿಡಿಸಬೇಕು ಅಂತ ಹೇಳಿತು, ಜತೆಗೆ ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಬೇಕು ಅಂತಲೂ ಹೇಳಿತು. ಅಂದರೆ ಪೊಲೀಸರು ರಾಜಕಾರಣಿಗಳಿಂದ ದೂರ ಇರಬೇಕು, ಜನರ ಪ್ರಶ್ನೆಯಿಂದ ಅಲ್ಲ. ನಾನು ಕೇಳ್ತಿರೋದು ಆಜ್ಞೆ ಮಾಡೋ ಅಧಿಕಾರ ಅಲ್ಲ. ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಅನ್ನೋದು ಪೊಲೀಸರಿಗೂ ಕೋರ್ಟಿಗೂ ಬಿಟ್ಟದ್ದು. ತಿಂಗಳಿಗೊಮ್ಮೆ ಬಂದು ಲೆಕ್ಕ ಹೇಳಿ ಅಂತಷ್ಟೇ. ತಾಲ್ಲೂಕು ಕೆಡಿಪಿ ಸಭೆಗೆ ಶಾಸಕರು ಕರೆದರೆ ಎಲ್ಲ ಇಲಾಖೆಯವರೂ ಫೈಲ್ ಹಿಡಿದು ಓಡಿ ಬರ್ತಾರಲ್ಲ, ಅದರಲ್ಲಿ ಹತ್ತನೇ ಒಂದು ಭಾಗದ ಮರ್ಯಾದೆ ಊರಿಗೂ ಕೊಡಿ.

"ಸಿಬ್ಬಂದಿ ಇಲ್ಲ, ಇರೋ ಕೆಲಸಕ್ಕೇ ಪುರುಸೊತ್ತಿಲ್ಲ" ಅನ್ನೋದು ಇನ್ನೊಂದು ಆಕ್ಷೇಪ. ನಿಜ. ಬಂದೋಬಸ್ತಿಗೆ ಹೋಗಿ ಮೂರು ದಿನ ಮನೆಗೆ ಬರದ ಕಾನ್‌ಸ್ಟೇಬಲ್ ನಮ್ಮ ಬೀದಿಯಲ್ಲೇ ಇದ್ದಾರೆ. ಆದರೆ ನಾಲ್ಕು ದೀಪ ಉರಿದರೆ ಉಳಿಯೋದು ಅವರದೇ ಶ್ರಮ ಅಲ್ಲವೇ? ಆ ಮಾತನ್ನು ಪುರಸಭೆಯ ಸಭೆಯಲ್ಲಿ ಎದ್ದು ಹೇಳೋಕೆ ಪೊಲೀಸರಿಗೂ ಈಗ ಜಾಗ ಇಲ್ಲ.

ನನಗೆ ಉತ್ತರ ಇಲ್ಲದ ಆಕ್ಷೇಪ ಒಂದೇ. ಸಭೆಯೇ ನಡೆಯದಿದ್ದರೆ? 2018ರ ಆಗಸ್ಟ್ ಕೊನೆಯಲ್ಲಿ ನಮ್ಮ ರಾಜ್ಯದ ಹತ್ತಾರು ಪುರಸಭೆ, ನಗರಸಭೆಗಳಿಗೆ ಮತದಾನ ಆಯ್ತು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟು ಮೆಟ್ಟಿಲು ಹತ್ತಿ, ಗೆದ್ದವರು ಕುರ್ಚಿಯಲ್ಲಿ ಕೂರೋ ಹೊತ್ತಿಗೆ 2020ರ ಕೊನೆ ಬಂತು. ಎರಡು ವರ್ಷ ಗೆದ್ದ ಮೆಂಬರುಗಳು ಮನೆಯಲ್ಲೇ ಇದ್ದರು, ಊರನ್ನು ಆಡಳಿತಾಧಿಕಾರಿ ನಡೆಸಿದರು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ನಮ್ಮೂರಿನಲ್ಲಂತೂ 2025ರ ಕೊನೆಗೆ ಅವಧಿಯೇ ಮುಗಿದು ಮತ್ತೆ ಆಡಳಿತಾಧಿಕಾರಿ ಬಂದರು. ಬೆಂಗಳೂರಿನ ಕಥೆ ಇನ್ನೂ ಚೆನ್ನ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿಗೆ ಮುಗೀತು, ಚುನಾವಣೆ ಕಾಣದೆಯೇ 2025ರಲ್ಲಿ ಬಿಬಿಎಂಪಿಯೇ ಇಲ್ಲವಾಗಿ ಐದು ಪಾಲಿಕೆ ಆಯ್ತು. ವಿಧಾನಸಭೆ ಎರಡು ವರ್ಷ ಕೂರದಿದ್ದರೆ ಊರೆಲ್ಲ ಕೂಗಾಡ್ತೀವಿ. ಪುರಸಭೆ ಕೂರದಿದ್ದರೆ ನಮಗೆ ಗೊತ್ತೇ ಆಗಲ್ಲ.

ಈ "ನಮಗೆ" ಅನ್ನೋದರಲ್ಲಿ ಮೊದಲನೆಯವನು ನಾನೇ. ನನ್ನ ಮತ ಈಗಲೂ ಊರಿನಲ್ಲಿದೆ. ಲೋಕಸಭೆಗೆ, ವಿಧಾನಸಭೆಗೆ ಬಸ್ ಹತ್ತಿ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಫೋಟೋ ಹಾಕ್ತೀನಿ. ಪುರಸಭೆ ಚುನಾವಣೆಗೆ ಇದುವರೆಗೆ ಹೋಗಿಲ್ಲ. ಅಮೆರಿಕದ ಚುನಾವಣೆಯ ಲೆಕ್ಕ ಬಾಯಿಗೆ ಬರುತ್ತೆ, ನಮ್ಮ ವಾರ್ಡಿನ ಮೆಂಬರು ಯಾರು ಅನ್ನೋದು ದೊಡ್ಡಮ್ಮನ ಕೈ ಮುರಿಯೋ ತನಕ ಗೊತ್ತಿರಲಿಲ್ಲ. ಬೈಯೋಕೆ ಕೂತಾಗ ಇದನ್ನು ಮುಚ್ಚಿಟ್ಟರೆ ಆತ್ಮವಂಚನೆ ಆದೀತು.

ಈಗ ನಾನು ಕೇಳೋದಿಷ್ಟು. ಪುರಸಭೆಯ ತಿಂಗಳ ಸಾಮಾನ್ಯ ಸಭೆಗೆ ಠಾಣಾಧಿಕಾರಿಯನ್ನು ಪತ್ರ ಬರೆದು ಕರೆಯಲಿ, ವಾರ್ಡುವಾರು ದೂರು ಎಷ್ಟು, ಎಫ್‌ಐಆರ್ ಎಷ್ಟು, ಪತ್ತೆ ಎಷ್ಟು ಅಂತ ಅವರು ಅರ್ಧ ಗಂಟೆ ಹೇಳಲಿ. ಜನರಿಗೆ ಹದಿನೈದು ನಿಮಿಷ ಮಾತಾಡೋಕೆ ಬಿಡಲಿ. ಬೀಟ್ ಸಮಿತಿಯ ಸದಸ್ಯರ ಪಟ್ಟಿ ಠಾಣೆಯ ಡ್ರಾಯರಿನಿಂದ ಎದ್ದು ಬಂದು ಪುರಸಭೆಯ ನೋಟಿಸ್ ಬೋರ್ಡಿನ ಮೇಲೆ ಕೂರಲಿ, ಅದರಲ್ಲಿ ಅರ್ಧ ಹೆಂಗಸರಿರಲಿ. ಇದಕ್ಕೆ ಕೋಟಿ ರೂಪಾಯಿ ಬೇಡ. ಒಂದು ಪತ್ರ, ಒಂದು ಮೈಕು, ಹತ್ತು ಕುರ್ಚಿ ಸಾಕು.

ನಿಮಗೆಲ್ಲ ಒಂದು ಕೆಲಸ ಕೊಡ್ತೀನಿ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಂ ಪ್ರಕಾರ ಪ್ರತಿ ಕಚೇರಿಯೂ ತನ್ನ ಸಭೆ, ಸಮಿತಿಗಳು ಸಾರ್ವಜನಿಕರಿಗೆ ತೆರೆದಿವೆಯೋ ಇಲ್ಲವೋ, ನಡವಳಿ ಜನರಿಗೆ ಸಿಗುತ್ತೋ ಇಲ್ಲವೋ ಅಂತ ತಾನಾಗೇ ಪ್ರಕಟಿಸಬೇಕು. ನಿಮ್ಮೂರಿನ ಪುರಸಭೆ ಪ್ರಕಟಿಸಿದೆಯೇ ನೋಡಿ. ಇಲ್ಲದಿದ್ದರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 150 ಪದದೊಳಗೆ ಒಂದು ಅರ್ಜಿ, 30 ದಿನ ಕಾಯೋದು. ಹಿಂದಿನ ಒಂದು ವರ್ಷದ ನಡವಳಿ ಕೇಳಿ. ಬಂದದ್ದನ್ನು ಕನ್ನಡದಲ್ಲಿ ಬರೆದು ಹಾಕಿ. ನಾವು ಸಿನಿಮಾ ವಿಮರ್ಶೆ ಬರೀತೀವಿ, ಚಾರಣದ ಕಥೆ ಬರೀತೀವಿ, ಕನ್ನಡ ಉಳಿಸೋದು ಹೇಗೆ ಅಂತ ಬರೀತೀವಿ. ಊರಿನ ನಡವಳಿ ಕನ್ನಡದಲ್ಲೇ ಇರುತ್ತೆ ಸ್ವಾಮಿ, ಅದನ್ನು ಓದೋರೇ ಇಲ್ಲ.

ನಾನು ಅರ್ಜಿ ಹಾಕಿದೆ. ನಲವತ್ತು ದಿನ ಕಳೆದು ನಡವಳಿಯ ಪ್ರತಿ ಬಂತು. ನಾನು ಸ್ಟೂಲಿನ ಮೇಲೆ ಕೂತಿದ್ದ ಆ ದಿನದ ಪುಟ ತೆಗೆದು ನೋಡಿದೆ. ಬೀದಿದೀಪ ನಿರ್ವಹಣೆಯ ಬಿಲ್ಲು, "ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು" ಅಂತಿದೆ. ಬೀರು ಪಕ್ಕದಿಂದ ಒಬ್ಬ ಎದ್ದು ನಿಂತದ್ದು, ಅವನನ್ನು ಕೂರಿಸಿದ್ದು ಅದರಲ್ಲಿಲ್ಲ.

ಸರ ಸಿಕ್ಕಿಲ್ಲ. ಆ ಅರ್ಜಿ ಹೋದ ಮೇಲೆ ನಾಲ್ಕರಲ್ಲಿ ಎರಡು ದೀಪ ಉರೀತಿವೆ. ಕಾಕತಾಳೀಯವೋ ಏನೋ, ನನಗಂತೂ ಹತ್ತು ರೂಪಾಯಿ ದಂಡ ಆಗಲಿಲ್ಲ ಅನ್ನಿಸುತ್ತೆ. ದೊಡ್ಡಮ್ಮ ಮಾತ್ರ ಈಗಲೂ ಸಾಯಂಕಾಲದ ಪೂಜೆಗೆ ಹೋಗಲ್ಲ. ಬೆಳಗ್ಗೆ ಹೋಗ್ತಾರೆ, ಕುತ್ತಿಗೆಯಲ್ಲಿ ಅರಿಶಿನದ ದಾರ. ಉಳಿದ ಎರಡು ದೀಪಕ್ಕೆ ಇನ್ನೊಂದು ಅರ್ಜಿ ಬರೀತಿದ್ದೀನಿ.

ನಿಮ್ಮೂರಿನ ಸಭೆಯಲ್ಲಿ ಸ್ಟೂಲಾದರೂ ಕೊಡ್ತಾರಾ? ಹೋಗಿ ನೋಡಿ ಬಂದು ಹೇಳಿ.